ಬಚ್ಚಲು ನೀರಿನ ಪಂಚಾಯಿತಿ

ಮೊದಲೆಲ್ಲ ನಮ್ಮೂರಲ್ಲಿ ಬಚ್ಚಲು ನೀರು ಯಾರಿಗೂ ತಲೆನೋವಾಗಿರಲಿಲ್ಲ. ತಿಪಟೂರು ಸೀಮೆಯ ಸಣ್ಣ ಊರು, ಹೆಚ್ಚು ಕಮ್ಮಿ ಸಾವಿರ ಜನ. ತೊಂಬೆಯಿಂದ ಬಿಂದಿಗೆಯಲ್ಲಿ ಹೊತ್ತು ತಂದ ನೀರನ್ನು ಯಾರು ತಾನೇ ಸುಮ್ನೆ ಚೆಲ್ಲುತ್ತಾರೆ? ಬಚ್ಚಲ ಹಿಂದೆ ಎರಡು ಬಾಳೆ, ಒಂದು ತೆಂಗು, ಪಕ್ಕದಲ್ಲಿ ಕೆಸು. ನೀರು ಅಲ್ಲೇ ಮುಗಿದುಹೋಗುತ್ತಿತ್ತು.

ಮನೆಮನೆಗೆ ನಲ್ಲಿ ಬಂದ ಮೇಲೆ ಕಥೆಯೇ ಬದಲಾಯಿತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಊರಿಗೆಲ್ಲ ಸೇರಿ 55,000. ಮೂರರಲ್ಲಿ ಎರಡು ಪಾಲು ಚರಂಡಿಗೆ ಬಂದರೂ ದಿನಾ ಆರು ಟ್ಯಾಂಕರ್ ಸೋಪಿನ ನೀರಾಯಿತು. ಅಷ್ಟೂ ಕೆರೆಗೆ.

ಆಮೇಲೆ ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತ ಬಂತು. ಬಚ್ಚಲು ನೀರಿನ ಕೆಲಸಕ್ಕೆ 5,000ದವರೆಗೆ ಜನರಿರುವ ಊರಿಗೆ ತಲೆಗೆ 280 ರೂಪಾಯಿವರೆಗೆ ಸಿಗುತ್ತಿತ್ತು. ಹಾಗೆ ಕೆರೆಗಿಂತ ಮುಂಚೆ ಚರಂಡಿಗೆ ಅಡ್ಡಲಾಗಿ ಬಚ್ಚಲು ನೀರು ಶುದ್ಧ ಮಾಡೋ ಒಂದು ಘಟಕ ಎದ್ದಿತು. ಮೋಟರ್ ಇಲ್ಲ, ಕರೆಂಟೂ ಬೇಡ. ಮೊದಲು ಕಸ ತಡೆಯೋಕೆ ಕಬ್ಬಿಣದ ಜಾಲರಿ. ಆಮೇಲೆ ಹೂಳು ತಳಕ್ಕೆ ಕೂರೋ ತೊಟ್ಟಿ. ಕೊನೆಗೆ ಜಲ್ಲಿ ತುಂಬಿದ ಉದ್ದನೆ ಮಡಿ, ಅದರ ಮೇಲೆ ಕಾಬಾಳೆ ಗಿಡ. ಜಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ. ಕಕ್ಕಸಿನ ನೀರು ಇದಕ್ಕೆ ಸೇರೋ ಹಾಗಿಲ್ಲ, ಅದಕ್ಕೆ ಮನೆಮನೆಗೆ ಜೋಡಿ ಗುಂಡಿ ಇದೆ. ಕಟ್ಟಿದ ಹೊಸದರಲ್ಲಿ ಆಚೆ ಬರುತ್ತಿದ್ದ ನೀರಿಗೆ ವಾಸನೆಯೇ ಇರಲಿಲ್ಲ. ಅದನ್ನು ಹಾಯಿಸಿ ಸೀಮೆಹುಲ್ಲು ಬೆಳೆದವರೂ ಇದ್ದಾರೆ.

ಈ ಸಲ ಗೌರಿ ಹಬ್ಬದ ಹಿಂದಿನ ದಿನ ಊರಿಗೆ ಹೋದರೆ, ಕೆರೆ ದಾರಿ ತುಂಬ ಕಪ್ಪು ನೀರು. ಜಾಲರಿ ಕಟ್ಟಿಕೊಂಡು ಚರಂಡಿ ಉಕ್ಕಿತ್ತು. ಬೆಳಗಾದರೆ ಹೆಣ್ಣುಮಕ್ಕಳು ಗಂಗೆ ತರೋಕೆ ಅದೇ ದಾರಿಯಲ್ಲಿ ಹೋಗಬೇಕು. ಮೋರಿ ಹತ್ತಿರ ಜನ ಸೇರಿದ್ದರು. ಒಬ್ಬರು ಪಂಚಾಯಿತಿಯವರು ಬರಲಿ ಅಂದರು. ನೀರುಗಂಟಿ, "ಅಣ್ಣಾ, ನಂದು ನೀರು ಬಿಡೋ ಕೆಲಸ. ಹೋಗೋ ನೀರು ನಂದಲ್ಲ" ಅಂತ ಕೈ ಮುಗಿದ. ಅದೂ ಸರಿಯೇ. ಕಟ್ಟೋಕೆ ದುಡ್ಡು ಕೊಟ್ಟವರು ಗೋರೋಕೆ ಆಳು ಕೊಟ್ಟಿರಲಿಲ್ಲ.

ಆಗ ನಮ್ಮ ಬೀದಿಯ ಹಿರಿಯರೊಬ್ಬರು, "ಕೆಳಗಡೆ ಬೀದಿಯವರಿಗೆ ಹೇಳಿ ಕಳಿಸ್ರೋ" ಅಂದರು. ಯಾಕೆ ಆ ಬೀದಿಯೇ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆ ಬೀದಿಯ ಕಾಲೇಜು ಹುಡುಗನೊಬ್ಬ ಅಲ್ಲೇ ಬೈಕಿನ ಮೇಲೆ ಕೂತಿದ್ದ. "ಸೋಪು ನಿಮ್ಮನೇದು, ಸನಿಕೆ ಮಾತ್ರ ನಮ್ಮನೇದಾ ಗೌಡ್ರೇ?" ಅಂದುಬಿಟ್ಟ. ಹಿರಿಯರಿಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಯಿತು. ನನಗಂತೂ ಹುಡುಗ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪು ಕಾಣಲಿಲ್ಲ.

ಜಗಳ ನಡೀತಿರುವಾಗಲೇ ನಮ್ಮ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಸನಿಕೆ ಹಿಡಿದರು. ನಾನು ಬಾಂಡ್ಲಿ ತಗೊಂಡೆ. ಆಮೇಲೆ ಇನ್ನೂ ನಾಲ್ಕೈದು ಜನ ಇಳಿದರು. ಜಾಲರಿಗೆ ಸಿಕ್ಕಿದ್ದು ಶಾಂಪೂ ಪ್ಯಾಕೆಟ್ಟು, ಗುಟ್ಕಾ ಚೀಟಿ, ಮಕ್ಕಳ ಡೈಪರ್, ತೆಂಗಿನ ನಾರು, ಅದಕ್ಕೆಲ್ಲ ಸುತ್ತಿಕೊಂಡ ತಲೆಗೂದಲು. ತೊಟ್ಟಿ ಮೇಲೆ ಸೋಪಿನ ಜಿಡ್ಡು ಎಮ್ಮೆ ಹಾಲಿನ ಕೆನೆ ಥರ ದಪ್ಪಗೆ ಕಟ್ಟಿತ್ತು. ಸನಿಕೆಯಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿ ಬರೋದು. ಮಡಿಯ ಬಾಯಿ ಹತ್ತಿರದ ಜಲ್ಲಿಯೂ ಕಟ್ಟಿತ್ತು. ಅಷ್ಟನ್ನೂ ತೆಗೆದು, ತೊಳೆದು, ಮತ್ತೆ ತುಂಬಿದೆವು. ಕಾಬಾಳೆಗೆ ಮಾತ್ರ ಏನೂ ಆಗಿರಲಿಲ್ಲ, ಆಳೆತ್ತರ ಬೆಳೆದು ಕೆಂಪಗೆ ಹೂ ಬಿಟ್ಟಿತ್ತು. ಹೊತ್ತು ಮುಳುಗುವಷ್ಟರಲ್ಲಿ ದಾರಿ ಮೇಲಿನ ನೀರು ಇಳಿಯಿತು.

ಹಿತ್ತಲಲ್ಲಿ ಜಾಗ ಇರುವವರು ನೀರು ಇಂಗೋ ಬಚ್ಚಲು ಗುಂಡಿ ತೋಡಿಸಿಕೊಂಡರೆ ಅರ್ಧ ನೀರು ಚರಂಡಿಗೇ ಬರಲ್ಲ ಅಂತ ಮನೆಯಲ್ಲಿ ಹೇಳಿದೆ. "ಹಿತ್ತಲಿಗೂ ಸಿಮೆಂಟ್ ಹಾಕಿಸಿದೋರು ನಿಮ್ಮ ಚಿಕ್ಕಪ್ಪನೇ ಕಣಪ್ಪ, ಅವರನ್ನೇ ಕೇಳು" ಅಂದರು ಚಿಕ್ಕಮ್ಮ. ಚಿಕ್ಕಪ್ಪ ಟಿವಿ ಸೌಂಡು ಜಾಸ್ತಿ ಮಾಡಿದರು.

ಹಬ್ಬ ಮುಗಿದ ಮೇಲೆ ಹಾಲಿನ ಡೇರಿ ಗೋಡೆಗೆ ಸರದಿ ಪಟ್ಟಿ ಅಂಟಿಸಿದರು. ವಾರಕ್ಕೊಂದು ಬೀದಿ, ಮೊದಲ ವಾರ ನಮ್ಮದು. ಪಟ್ಟಿ ಬರೆದಿದ್ದು ಅದೇ ಹುಡುಗ. ಎಷ್ಟು ವಾರ ನಡೆಯುತ್ತೋ ನೋಡಬೇಕು. ನಾನು ಬೆಂಗಳೂರಿನ ಬಸ್ ಹತ್ತುವಾಗ ಚಿಕ್ಕಪ್ಪ, "ಗಂಬೂಟು, ಗ್ಲೌಸಿಗೆ ನಿನ್ನ ಪಾಲಿನ ದುಡ್ಡು ಫೋನ್‌ಪೇ ಮಾಡಪ್ಪ" ಅಂದರು. ತಿಪಟೂರು ದಾಟೋ ಮುಂಚೆಯೇ ಕಳಿಸಿದೆ.