ಜಲಪಾತ ಸರಿ, ಆಮೇಲೆ?

"ಹಾಗಾದ್ರೆ ಇಡೀ ದಿನ ಏನು ನೋಡಿದ್ರಿ?"

ಪಕ್ಕದ ಟೆಂಟಿನ ಮನುಷ್ಯ ಸಂಜೆ ಕೇಳಿದ ಪ್ರಶ್ನೆ ಇದು. ಜಲಪಾತ ಅಂದೆ. "ಜಲಪಾತ ಸರಿ, ಆಮೇಲೆ?" ಆಮೇಲೆಯೂ ಜಲಪಾತವೇ. ಆತ ನನ್ನ ಗಂಡನ ಮುಖ ನೋಡಿದ, ಪಾಪ ಅನ್ನುವ ಹಾಗೆ. ಮನೆಗೆ ಬಂದ ಮೇಲೂ ಆ "ಆಮೇಲೆ?" ಕಿವಿಯಲ್ಲೇ ಇದೆ.

ನಮ್ಮ ಹತ್ತಿರವೂ ಪಟ್ಟಿ ಇತ್ತು. ಗುಹೆ, ಕೋಟೆ, ಸೂರ್ಯಾಸ್ತದ ಗುಡ್ಡ. ಇವರೇ ಕೂತು ಬರೆದದ್ದು. ಆದರೆ ಬೆಳಿಗ್ಗೆ ಜಲಪಾತದ ಎದುರಿನ ಬಂಡೆ ಹತ್ತಿದಾಗ ಬಿಸಿಲು ಬೆನ್ನಿಗಿತ್ತು. ತುಂತುರಿನಲ್ಲಿ ಕಾಮನಬಿಲ್ಲು ಎದ್ದಿತ್ತು. ಫೋಟೋ ತೆಗೆದು ಹೊರಡೋಣ ಅಂದುಕೊಂಡೆವು. ಅಷ್ಟರಲ್ಲಿ ಇವರು "ಏಯ್, ಅದು ಕೆಳಗೆ ಇಳೀತಿದೆ ಕಣೇ" ಅಂದರು.

ನಿಜ. ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಆಚೆಗೆ ಬಿಲ್ಲು ಮೂಡುತ್ತದೆ. ಸೂರ್ಯ ಮೇಲೇರಿದ ಹಾಗೆ ನೆರಳು ಗಿಡ್ಡವಾಗುತ್ತದೆ, ಬಿಲ್ಲು ಇಳಿಯುತ್ತದೆ. ಓದಿ ಗೊತ್ತಿತ್ತು. ಅದು ನೀರಿನ ಮಧ್ಯದಿಂದ ಜಾರುತ್ತಾ ಜಾರುತ್ತಾ ಬುಡದ ಬಂಡೆಗಳನ್ನು ಮುಟ್ಟುವವರೆಗೆ ಕೂತು ನೋಡಿದ್ದು ಮಾತ್ರ ಇದೇ ಮೊದಲು. ನಡುವೆ ಎಷ್ಟೋ ಜನ ಬಂದರು, ಸೆಲ್ಫಿ ತೆಗೆದುಕೊಂಡರು, ಹೋದರು. ಅವರ ಪಾಲಿಗೆ ಅದು ನಿಂತಲ್ಲೇ ನಿಂತ ಬಿಲ್ಲು.

ಇನ್ನೊಂದು ವಿಷಯ. ಒಂದೇ ಬಂಡೆ ಮೇಲೆ ಕೂತರೂ ಇಬ್ಬರಿಗೂ ಒಂದೇ ಬಿಲ್ಲು ಕಾಣುವುದಿಲ್ಲ. ಅವರವರ ಕಣ್ಣಿಗೆ ಬಣ್ಣ ಕಳಿಸುವ ಹನಿಗಳೇ ಬೇರೆ. ಇದನ್ನು ಹೇಳಿದ್ದಕ್ಕೆ ಇವರು "ನಿಂದು ಹೇಗಿದೆ? ನಂದು ಚೆನ್ನಾಗಿದೆ" ಅಂದರು. ಎಷ್ಟು ಹೊತ್ತು ನಕ್ಕೆವೋ! ಮನೆಯಲ್ಲಿ ನಮ್ಮಿಬ್ಬರ ಮಾತೆಲ್ಲ ಆಗಬೇಕಾದ ಕೆಲಸಗಳದ್ದೇ. ಇಂಥ ಕೆಲಸಕ್ಕೆ ಬಾರದ ಮಾತು ಬಂದು ಎಷ್ಟು ಕಾಲವಾಗಿತ್ತೋ.

ಆತ ಕೆಟ್ಟವನೇನಲ್ಲ. ಗುಹೆ, ಕೋಟೆ, ಗುಡ್ಡ ಎಲ್ಲ ಮುಗಿಸಿ ಬಂದಿದ್ದ. ಮುಗಿಸಿ ಅನ್ನುವುದು ಅವನದೇ ಮಾತು. ಹೆಂಡತಿ ಕಾರಿನಲ್ಲೇ ನಿದ್ದೆ ಹೋಗಿದ್ದಳು. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ತಡವರಿಸಿದ ನನ್ನ ನಾಲಿಗೆಯ ಮೇಲೆ. ಸುಮ್ನೆ ಕೂತಿದ್ವಿ ಅನ್ನೋಕೆ ಯಾಕೆ ಅಷ್ಟು ಸಂಕೋಚ? ರಜೆಗೂ ಲೆಕ್ಕ ಒಪ್ಪಿಸಬೇಕು ಅಂತ ನಮಗೆ ಕಲಿಸಿದವರು ಯಾರು? ಆಫೀಸಿನಲ್ಲಿ ದಿನದ ಕೊನೆಗೆ ವರದಿ ಕೊಡುತ್ತೇವೆ, ಸರಿ. ಕಾಡಿಗೆ ಬಂದೂ ಕೊಡಬೇಕಾ?

ಮಾರನೇ ಬೆಳಿಗ್ಗೆ ಅವನ ಟೆಂಟ್ ಒಳಗಡೆಯಿಂದ ಒದ್ದೆಯಾಗಿತ್ತು. ರಾತ್ರಿಯಿಡೀ ಕಿಟಕಿಗಳನ್ನೆಲ್ಲ ಮುಚ್ಚಿದರೆ ಉಸಿರಿನ ತೇವ ತಣ್ಣನೆ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಬಿಸಿಲಿಗೆ ಹರಡಿ ಒಣಗಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆತ ಹಾಗೇ ಸುತ್ತಿ ಡಿಕ್ಕಿಗೆ ತುರುಕಿದ. ಹೇಳೋಣ ಅಂತ ಇವರು ಎದ್ದರು. ಅಷ್ಟರಲ್ಲಿ ಕಾರು ತಿರುವು ದಾಟಿತ್ತು.