ಫಿಲ್ಬರ್ನ್ ಬೆಳೆದ ಗೋಧಿ, ಅಕ್ಕ ಹಾಕಿದ ವೋಟು

ಅಕ್ಕ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅಲ್ಲಿನದೇ ಪೌರತ್ವ. 2024ರಲ್ಲಿ ಅಂಚೆಯಲ್ಲಿ ಬಂದ ಮತಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. "ಊರಿನ ಚುನಾವಣೆಗಳಿಗೆಲ್ಲ ಓದಿ ಓದಿ ತುಂಬಿದೆ ಕಣೋ, ಅಧ್ಯಕ್ಷರದ್ದು ಮಾತ್ರ ತುಂಬಿದರೂ ಒಂದೇ ಬಿಟ್ಟರೂ ಒಂದೇ" ಅಂದಳು.

ಅವಳ ಮಾತು ಸುಳ್ಳಲ್ಲ. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟರ್‌ಗಳು, ಅಂದರೆ ಜನರ ಪರವಾಗಿ ಅಧ್ಯಕ್ಷರಿಗೆ ವೋಟು ಹಾಕುವ ರಾಜ್ಯವಾರು ಪ್ರತಿನಿಧಿಗಳು; 270 ಸಿಕ್ಕರೆ ಗೆದ್ದ ಹಾಗೆ. ಮೇನ್, ನೆಬ್ರಾಸ್ಕಾ ಬಿಟ್ಟರೆ ಯಾವ ರಾಜ್ಯದಲ್ಲಾದರೂ ಒಂದು ವೋಟು ಜಾಸ್ತಿ ಪಡೆದವರಿಗೆ ಅಲ್ಲಿನ ಎಲೆಕ್ಟರ್‌ಗಳೆಲ್ಲ. ವಯೋಮಿಂಗ್‌ನ ಸುಮಾರು 5.77 ಲಕ್ಷ ಜನಕ್ಕೆ 3, ಕ್ಯಾಲಿಫೋರ್ನಿಯಾದ 3.95 ಕೋಟಿಗೆ 54. ಲೆಕ್ಕ ಹಾಕಿ ನೋಡಿ, ವಯೋಮಿಂಗ್‌ನಲ್ಲಿ 1.9 ಲಕ್ಷ ಜನಕ್ಕೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷಕ್ಕೆ ಒಬ್ಬ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಗೆದ್ದ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ವೋಟು ಜಾಸ್ತಿ ಬಂದಿತ್ತು, ಆದರೂ ಸೋತರು.

ಇದು ಹೀಗೇ ಇರಲಿ ಅನ್ನುವವರ ದೊಡ್ಡ ವಾದ ಒಂದೇ: ಇಲ್ಲದಿದ್ದರೆ ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ರಾಜ್ಯಗಳನ್ನು ನುಂಗಿಬಿಡುತ್ತದೆ. ಆ ಭಯ ನನಗೂ ಇದೆ. ಆದರೆ ಈ ಪದ್ಧತಿ ಯಾವಾಗ ತಡೆದಿದೆ ಹೇಳಿ?

ಓಹಾಯೊದ ರೈತ ರಾಸ್ಕೊ ಫಿಲ್ಬರ್ನ್ ಕಥೆ ನೋಡಿ. ಗೋಧಿ ಬೆಲೆ ಬೀಳದಿರಲಿ ಅಂತ ಕೇಂದ್ರ ಸರ್ಕಾರ ಅವನಿಗೆ 11.1 ಎಕರೆ ಗೊತ್ತು ಮಾಡಿತ್ತು. ಅವನು 23 ಎಕರೆ ಬಿತ್ತಿದ. ಹೆಚ್ಚಿಗೆ ಬಂದದ್ದು ಕೋಳಿಗೆ, ದನಕ್ಕೆ, ಮನೆಯ ಹಿಟ್ಟಿಗೆ ಅಂದ. 117 ಡಾಲರ್ ದಂಡ ಬಿತ್ತು! 1942ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸರ್ಕಾರದ ಪರ ನಿಂತಿತು: ಎಲ್ಲರೂ ಹೀಗೆ ಮನೆಗೇ ಬೆಳೆದುಕೊಂಡರೆ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಪೆಟ್ಟು, ಹಾಗಾಗಿ ಅದು ಕೇಂದ್ರದ ಕೈಗೆ ಸೇರಿದ್ದೇ. 1984ರಲ್ಲಂತೂ ಕುಡಿಯುವ ವಯಸ್ಸು 21 ಮಾಡದ ರಾಜ್ಯಗಳಿಗೆ ಹೆದ್ದಾರಿಯ ದುಡ್ಡು ಕತ್ತರಿಸುವ ಕಾನೂನೇ ಬಂತು.

ಆಗೆಲ್ಲ ಎಲೆಕ್ಟರ್‌ಗಳು ಇದ್ದೇ ಇದ್ದರು. ಕೇಂದ್ರದ ಅಧಿಕಾರ ಬೆಳೆದದ್ದು ಅವರನ್ನು ದಾಟಿ ಅಲ್ಲ, ಅವರು ಆರಿಸಿದವರ ಕೈಯಲ್ಲೇ. ಅಧ್ಯಕ್ಷರ ಮಾತು ಒಬ್ಬ ರೈತನ ಕೋಳಿಗೂಡಿನವರೆಗೆ ಬರುತ್ತದೆ ಅಂದಮೇಲೆ, ಅವರನ್ನು ಆರಿಸುವಾಗ ನನ್ನ ಅಕ್ಕನ ವೋಟಿಗೂ ವಯೋಮಿಂಗ್‌ನವರ ವೋಟಿಗೂ ಒಂದೇ ತೂಕ ಇರಬೇಕು. ರಾಜ್ಯಗಳನ್ನು ಕಾಯುವ ಕೆಲಸಕ್ಕೆ ಕೋರ್ಟಿದೆ, ರಾಜ್ಯಕ್ಕಿಬ್ಬರಂತೆ ಸೆನೆಟರ್‌ಗಳಿದ್ದಾರೆ, ಅಲ್ವಾ?

1969ರಲ್ಲಿ ಜನರೇ ನೇರವಾಗಿ ಆರಿಸುವ ತಿದ್ದುಪಡಿ ಕೆಳಮನೆಯಲ್ಲಿ 338-70ರಿಂದ ಗೆದ್ದಿತ್ತು. ಮರುವರ್ಷ ಸೆನೆಟ್‌ನಲ್ಲಿ ದಕ್ಷಿಣದವರು, ಸಣ್ಣ ರಾಜ್ಯದವರು ಸೇರಿ, ಮತಕ್ಕೆ ಹಾಕಲೂ ಬಿಡದೆ ಅದನ್ನು ಮುಳುಗಿಸಿದರು. ಅಷ್ಟು ಹತ್ತಿರ ಬಂದು ತಪ್ಪಿದ್ದಕ್ಕೆ ನನಗೆ ಇವತ್ತಿಗೂ ಸಂಕಟ.