ಅಲ್ಲಿ ಮಕ್ಕಳನ್ನ ಎತ್ಕೊಂಡು ಹೋಗ್ತಾರಂತೆ, ಹೌದಾ?

ಶಿರಾಕ್ಕೆ ಹೋದಾಗಲೆಲ್ಲ ಈ ಪ್ರಶ್ನೆ ತಪ್ಪುವುದಿಲ್ಲ. "ಅಲ್ಲಿ ಮಕ್ಕಳಿಗೆ ಒಂದೇಟು ಹಾಕಿದ್ರೆ ಸರ್ಕಾರದೋರು ಬಂದು ಎತ್ಕೊಂಡು ಹೋಗ್ತಾರಂತೆ, ನಿಜವೇನಮ್ಮಾ?" ಅಂತ ದೊಡ್ಡಮ್ಮ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಮಾವ "ಅದಕ್ಕೇ ಅಲ್ಲಿ ಮಕ್ಕಳು ಕೆಡೋದು" ಅಂತ ತೀರ್ಪು ಕೊಟ್ಟಿರುತ್ತಾರೆ. ನಾರ್ವೆ ದೇಶದ್ದೋ ಜರ್ಮನಿಯದ್ದೋ ಒಂದು ವಿಡಿಯೊ ಎಲ್ಲರ ಫೋನಿನಲ್ಲೂ ಬಂದು ಹೋಗಿರುತ್ತದೆ. ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಆದರೆ ನಮ್ಮೂರಿನವರಿಗೆ ಫಾರಿನ್ ಅಂದರೆ ಎಲ್ಲಾ ಒಂದೇ.

ಇಲ್ಲಿ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಟೀಚಿಂಗ್ ಅಸಿಸ್ಟೆಂಟ್. ಹಾಗಾಗಿ ಈ ವ್ಯವಸ್ಥೆಯ ಒಂದು ಮೂಲೆ ನನಗೆ ಚೆನ್ನಾಗಿ ಗೊತ್ತು.

ಮೊದಲು ಏಟಿನ ವಿಷಯ ಮುಗಿಸೋಣ. ಸ್ಕಾಟ್ಲೆಂಡ್ 2020ರ ನವೆಂಬರಿನಲ್ಲಿ, ವೇಲ್ಸ್ 2022ರ ಮಾರ್ಚಿನಲ್ಲಿ ಮನೆಯಲ್ಲೂ ಮಕ್ಕಳಿಗೆ ಹೊಡೆಯುವಂತಿಲ್ಲ ಅಂತ ಕಾನೂನು ತಂದವು. ಆದರೆ ಇಂಗ್ಲೆಂಡಿನಲ್ಲಿ ತಂದೆ ತಾಯಿಗೆ 'ಮಿತವಾದ ಶಿಕ್ಷೆ' ಅನ್ನುವ ವಿನಾಯಿತಿ ಉಳಿದುಕೊಂಡಿದೆ. ಗಾಯವಾಗುವ ಹಾಗೆ ಹೊಡೆದರೆ ಆ ನೆಪ ನಡೆಯುವುದಿಲ್ಲ. ಅಂದರೆ ದೊಡ್ಡಮ್ಮ ಅಂದುಕೊಂಡಷ್ಟು ಕಟ್ಟುನಿಟ್ಟಿನ ದೇಶ ಇದಲ್ಲ.

ಇನ್ನು ಎತ್ತಿಕೊಂಡು ಹೋಗುವ ಮಾತು. ಶಾಲೆಯ ತರಬೇತಿಯಲ್ಲಿ ನಮಗೆ ಹೇಳಿಕೊಡುವುದು ಬಹಳ ಸಣ್ಣ ಸಣ್ಣ ಸಂಗತಿಗಳು. ಮಗು ಏನಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಬೇಕು. "ಅಪ್ಪ ಹೊಡೆದನಾ?" ಅಂತ ನಾವೇ ಬಾಯಿಗೆ ಮಾತು ಕೊಡಬಾರದು. "ಯಾರಿಗೂ ಹೇಳಲ್ಲ" ಅಂತ ಆಣೆ ಮಾಡಬಾರದು. ಮಗು ಆಡಿದ ಮಾತನ್ನು ಅದರ ಮಾತಲ್ಲೇ ಬರೆದು, ದಿನ ಸಮಯ ಹಾಕಿ, ಅವತ್ತೇ ಶಾಲೆಯಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಸೇಫ್‌ಗಾರ್ಡಿಂಗ್ ಲೀಡ್ ಅನ್ನುವವರಿಗೆ ಕೊಡಬೇಕು. ನಿಜವೋ ಸುಳ್ಳೋ ಅಂತ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಇದೊಂದು ಮಾತು ಎಷ್ಟು ಹಗುರ ಮಾಡುತ್ತದೆ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು.

ಶಾಲೆಗೆ ಗಂಭೀರ ಅನ್ನಿಸಿದರೆ ವಿಷಯ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಹೋಗುತ್ತದೆ. ಅಲ್ಲಿನ ಸೋಶಿಯಲ್ ವರ್ಕರ್‌ಗಳು ಒಂದು ಕೆಲಸದ ದಿನದೊಳಗೆ ಮುಂದೇನು ಅಂತ ನಿರ್ಧರಿಸಬೇಕು. ತೀರಾ ಅಪಾಯ ಅನ್ನಿಸಿದರೆ 1989ರ ಮಕ್ಕಳ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ವಿಚಾರಣೆ. ಆಮೇಲೆ ಬೇಕಾದರೆ ಒಂದು ಸಭೆ. ಶಾಲೆಯವರು, ಪೊಲೀಸರು, ಆರೋಗ್ಯ ಇಲಾಖೆಯವರು, ಜೊತೆಗೆ ಅಪ್ಪ ಅಮ್ಮನೂ ಕೂರುತ್ತಾರೆ. ಮಗು ಮನೆಯಲ್ಲೇ ಇದ್ದುಕೊಂಡು ಏನೇನು ಬದಲಾಗಬೇಕು ಅಂತ ರಕ್ಷಣಾ ಯೋಜನೆ ಬರೆಯುತ್ತಾರೆ. ಮೂರು ತಿಂಗಳಿಗೆ ಮತ್ತೆ ಸೇರಿ ನೋಡುತ್ತಾರೆ. ಬಹುಪಾಲು ದೂರುಗಳು ಇಷ್ಟು ದೂರವೂ ಬರುವುದಿಲ್ಲ.

ಮಗುವನ್ನು ಮನೆಯಿಂದ ತೆಗೆಯುವುದು ಸೋಶಿಯಲ್ ವರ್ಕರ್ ಕೈಯಲ್ಲಿಲ್ಲ. ತುರ್ತಿದ್ದರೆ ಪೊಲೀಸರು ಹೆಚ್ಚೆಂದರೆ 72 ಗಂಟೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಕೋರ್ಟಿಗೆ ಹೋಗಬೇಕು. ಅಲ್ಲಿ ತಂದೆ ತಾಯಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಮಗುವಿನ ಪರವಾಗಿ ಬೇರೆಯೇ ಒಬ್ಬರು ಇರುತ್ತಾರೆ. ಕೇಸು 26 ವಾರದಲ್ಲಿ ಮುಗಿಯಬೇಕು ಅಂತ ನಿಯಮ. ಮುಗಿಯದೆ ಎಳೆಯುವುದೂ ಉಂಟು, ಕೋರ್ಟು ಅಲ್ವಾ.

ಇಲ್ಲಿ ರಕ್ಷಣಾ ಯೋಜನೆಯಲ್ಲಿರುವ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕಾರಣ ಹೊಡೆತವಲ್ಲ, ನಿರ್ಲಕ್ಷ್ಯ. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹುಳುಕು ಹಲ್ಲಿಗೆ ತಿಂಗಳುಗಟ್ಟಲೆ ಡಾಕ್ಟರ ಬಳಿ ಕರೆದುಕೊಂಡು ಹೋಗದಿರುವುದು. ಚಳಿಗಾಲದಲ್ಲಿ ಕೋಟಿಲ್ಲದೆ ಕಳಿಸುವುದು. ಸೋಮವಾರ ಬೆಳಿಗ್ಗೆ ಬಂದವನೇ ಊಟ ಎಷ್ಟು ಹೊತ್ತಿಗೆ ಅಂತ ಕೇಳುವ ಹುಡುಗ. ಒಂದೊಂದಾಗಿ ನೋಡಿದರೆ ಏನೂ ಅಲ್ಲ. ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ಬಡತನವನ್ನೂ ನಿರ್ಲಕ್ಷ್ಯವನ್ನೂ ಇಲ್ಲಿನವರು ಕಲಸಿಬಿಡುತ್ತಾರೆ ಅನ್ನುವ ತಕರಾರು ಇದೆ, ಅದರಲ್ಲಿ ಹುರುಳೂ ಇದೆ.

ಅಮ್ಮನಿಗೆ ಅಪ್ಪ ಹೊಡೆಯುವ ಮನೆಯ ಮಗುವೂ ಈ ಲೆಕ್ಕಕ್ಕೆ ಬರುತ್ತದೆ. ಮಗುವಿನ ಮೈಮೇಲೆ ಒಂದು ಗೆರೆ ಬೀಳದಿದ್ದರೂ ಸರಿ, ಅದನ್ನು ಕಂಡ, ಕೇಳಿದ ಮಗುವೂ ಪೀಡಿತ ಅಂತ 2021ರ ಕಾನೂನು ಹೇಳುತ್ತದೆ. ರಾತ್ರಿ ಅಂಥ ಜಗಳಕ್ಕೆ ಪೊಲೀಸರು ಹೋಗಿದ್ದರೆ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಶಾಲೆಗೆ ತಿಳಿಸುವ ಏರ್ಪಾಡಿದೆ. ಆಪರೇಷನ್ ಎನ್‌ಕಂಪಾಸ್ ಅಂತ ಅದರ ಹೆಸರು. ಅವತ್ತು ಹೋಂವರ್ಕ್ ಮಾಡಿಲ್ಲ ಅಂತ ಆ ಮಗುವನ್ನು ಯಾರೂ ಗದರುವುದಿಲ್ಲ. ನನಗೆ ಈ ದೇಶದಲ್ಲಿ ತುಂಬಾ ಹಿಡಿಸಿದ ಏರ್ಪಾಡು ಇದು.

ನಮ್ಮ ಕನ್ನಡದ ಕುಟುಂಬಗಳಿಗೆ ಇಲ್ಲಿ ಬರುವ ಪೇಚೇ ಬೇರೆ. ನಮ್ಮ ಕೂಸುಗಳ ಸೊಂಟದ ಕೆಳಗೆ ಹುಟ್ಟುತ್ತಲೇ ನೀಲಿ ಮಚ್ಚೆ ಇರುತ್ತದಲ್ಲ, ಅದನ್ನು ಏಟಿನ ಗುರುತು ಅಂತ ತಪ್ಪು ತಿಳಿದುಕೊಳ್ಳಬಹುದು. ಹೊಸದಾಗಿ ಬಂದ ತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಹೆಲ್ತ್ ವಿಸಿಟರ್ ಅನ್ನುವ ನರ್ಸ್ ಮನೆಗೆ ಬಂದಾಗ ಆ ಮಚ್ಚೆ ತೋರಿಸಿ, ಮಗುವಿನ ಆರೋಗ್ಯದ ವಿವರ ಬರೆಯುವ ರೆಡ್ ಬುಕ್ಕಿನಲ್ಲಿ ಬರೆಸಿಬಿಡಿ.

'ಅವರ ಸಂಸ್ಕೃತಿ ಹಾಗೆ' ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ವಿಕ್ಟೋರಿಯಾ ಕ್ಲಿಂಬಿ ಅನ್ನುವ ಹುಡುಗಿ ಐವರಿ ಕೋಸ್ಟ್ ದೇಶದವಳು. ಓದಿಸುತ್ತೇನೆ ಅಂತ ಅಪ್ಪನ ಕಡೆಯ ಸಂಬಂಧಿ ಹೆಂಗಸೊಬ್ಬಳು ಕರೆದುಕೊಂಡು ಬಂದಿದ್ದಳು. 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸತ್ತಾಗ ಅವಳಿಗೆ ಎಂಟು ವರ್ಷ, ಮೈಮೇಲೆ 128 ಗಾಯ. ಆಸ್ಪತ್ರೆ, ಪೊಲೀಸು, ಕೌನ್ಸಿಲ್ ಎಲ್ಲರೂ ಅವಳನ್ನು ಮೊದಲೇ ನೋಡಿದ್ದರು. ಡಾಕ್ಟರೊಬ್ಬರು ಆ ಗುರುತುಗಳನ್ನು ಕಜ್ಜಿ ಅಂದಿದ್ದರು. ಆ ಹೆಂಗಸಿನ ಮುಂದೆ ಹುಡುಗಿ ಸೆಟೆದು ನಿಲ್ಲುತ್ತಿದ್ದುದನ್ನು ಹಿರಿಯರ ಮೇಲಿನ ಗೌರವ, ಅವರ ಕಡೆಯ ರೂಢಿ ಅಂದುಕೊಂಡರು. 2003ರಲ್ಲಿ ಲಾರ್ಡ್ ಲಾಮಿಂಗ್ ಕೊಟ್ಟ ವರದಿಯಲ್ಲಿ 108 ಶಿಫಾರಸುಗಳಿದ್ದವು. ನಾವೂ ದೊಡ್ಡವರ ಮುಂದೆ ಕೈಕಟ್ಟಿ ನಿಂತು ಬೆಳೆದವರೇ. ಅದಕ್ಕೇ ಈ ಭಾಗ ಓದಿ ನನಗೆ ಅವತ್ತು ನಿದ್ದೆ ಬರಲಿಲ್ಲ.

ಅಷ್ಟು ಶಿಫಾರಸಾದ ಮೇಲೂ 2020ರಲ್ಲಿ ನಮ್ಮ ಪಕ್ಕದ ಸಾಲಿಹಲ್‌ನಲ್ಲಿ ಆರ್ಥರ್ ಅನ್ನುವ ಆರು ವರ್ಷದ ಹುಡುಗ ಸತ್ತ. ಮಗುವಿನ ಮೈ ಕಂದಿದೆ ಅಂತ ಅಜ್ಜಿಯೇ ತಿಳಿಸಿದ್ದರು. ಬಂದು ನೋಡಿದವರಿಗೆ ಚಿಂತೆಪಡುವಂಥದ್ದೇನೂ ಕಾಣಲಿಲ್ಲ. ಆದ್ದರಿಂದ ಇಂಗ್ಲೆಂಡಿನಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳುವುದಿಲ್ಲ.

ಕಾಗದದ ಮೇಲೆ ನಮ್ಮ ತುಮಕೂರು ಜಿಲ್ಲೆಯೇನೂ ಹಿಂದಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. 1098ಕ್ಕೆ ಯಾರು ಬೇಕಾದರೂ ಹಗಲು ರಾತ್ರಿ ದುಡ್ಡಿಲ್ಲದೆ ಫೋನ್ ಮಾಡಬಹುದು. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ತಿಳಿಸದಿದ್ದರೆ 2012ರ ಪೋಕ್ಸೋ ಕಾಯ್ದೆಯಲ್ಲಿ ಜೈಲೂ ಆಗಬಹುದು. ಬಾಲ್ಯವಿವಾಹ ತಡೆಯುವ ಕಾನೂನಿನಲ್ಲಂತೂ ಕರ್ನಾಟಕ ಒಂದು ಹೆಜ್ಜೆ ಮುಂದೆ. 2016ರ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೂ ಮದುವೆಯೇ ಅಲ್ಲ.

ಕಾನೂನು ಇದೆ. ಹೇಳುವವರಿಗೆ ಆಸರೆ ಇಲ್ಲ. ನನ್ನ ಚಿಕ್ಕಮ್ಮ ಮಧುಗಿರಿ ಕಡೆ ಅಂಗನವಾಡಿ ಕಾರ್ಯಕರ್ತೆ. ಒಂಬತ್ತನೇ ಕ್ಲಾಸಿನ ಹುಡುಗಿಯ ಮದುವೆ ಗೊತ್ತಾಗಿದೆ ಅಂತ 1098ಕ್ಕೆ ತಿಳಿಸಿದ್ದರು. ಹೆಸರು ಹೊರಗೆ ಹೇಳಬಾರದು, ಫೋನ್ ತೆಗೆದವರೂ ಹೇಳಲಿಲ್ಲ. ಆದರೆ ಊರಿಗೆ ಅಷ್ಟು ಲೆಕ್ಕ ಬರುವುದಿಲ್ಲವೇ? ಮದುವೆ ನಿಂತಿತು, ಚಿಕ್ಕಮ್ಮನ ಜೊತೆ ಊರವರ ಮಾತೂ ನಿಂತಿತು. ಆ ಬೀದಿಯವರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನೇ ಬಿಟ್ಟರು.

ನಾನು ನಮ್ಮ ಶಾಲೆಯ ಪದ್ಧತಿ ವಿವರಿಸಿದಾಗ ಚಿಕ್ಕಮ್ಮ ಅಂದದ್ದು: "ನಿಂಗೇನಮ್ಮಾ, ಬರೆದು ಕೊಟ್ಟು ಮನೆಗೆ ಹೋಗ್ತೀಯ. ನಾನು ಅದೇ ನಲ್ಲೀಲಿ ನೀರು ಹಿಡೀಬೇಕು." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ದೂರು ಶಾಲೆಯ ಹೆಸರಲ್ಲಿ ಹೋಗುತ್ತದೆ. ಅಲ್ಲಿ ಅದು ಒಬ್ಬ ಹೆಂಗಸಿನ ಹೆಸರಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ಎರಡು ಊರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಸೋಶಿಯಲ್ ವರ್ಕರ್ ಕಾರು, ಕೋರ್ಟು ಎಲ್ಲಾ ಆಮೇಲಿನ ಮಾತು.

ಈಗ ಚಿಕ್ಕಮ್ಮ ಉಪಾಯ ಬದಲಿಸಿದ್ದಾರೆ. ಒಬ್ಬರೇ ಫೋನ್ ಮಾಡುವುದಿಲ್ಲ. ಹೈಸ್ಕೂಲಿನ ಹೆಡ್‌ಮಾಸ್ಟರು, ಆಶಾ ಕಾರ್ಯಕರ್ತೆ, ಪಿಡಿಒ ಮೂವರಿಗೂ ಮೊದಲು ಹೇಳಿ, ಯಾರು ತಿಳಿಸಿದರು ಅಂತ ಊರಿಗೆ ಗೊತ್ತಾಗದ ಹಾಗೆ ಮಾಡುತ್ತಾರೆ. ಮಗು ಆಡಿದ ಮಾತು ಬರೆದುಕೊಡುವ ನಮ್ಮ ಶಾಲೆಯ ಖಾಲಿ ಫಾರಂ ಕನ್ನಡಕ್ಕೆ ಮಾಡಿ ಕಳಿಸು ಅಂದರು, ಕಳಿಸಿದೆ. ಮೀಟಿಂಗಿನಲ್ಲಿ ತೋರಿಸಿದಾಗ ಮೇಲಿನವರು ತಿರುಗಿಸಿ ನೋಡಿ, "ಇದರಲ್ಲಿ ಸೀಲು ಹಾಕೋ ಜಾಗ ಎಲ್ಲಿ?" ಅಂತ ಕೇಳಿದರಂತೆ. ಒಂದು ಚೌಕ ಸೇರಿಸಿ ಮತ್ತೆ ಕಳಿಸಿದ್ದೇನೆ.